ಬಿಟ್ಟುಹೋದ ‘ಏನು’

ಭೇಲೂಪುರ, ವಾರಾಣಸಿ
೧೪ ಸೆಪ್ಟೆಂಬರ್ ೨೦೦೮

ಪ್ರೀತಿಯ ಅಜ್ಜಿಗೆ ಶರಣ್ಯಾಳ ನಮಸ್ಕಾರ.

ನಿನ್ನ ಕ್ಷಮೆ ಕೇಳಿ, ಅದೂ ಕನ್ನಡದಲ್ಲೇ ಬರೆಯಬೇಕೆಂದು ಅಪ್ಪ ಕೂರಿಸಿದ್ದಾರೆ. “ಹತ್ತನೇ ಕ್ಲಾಸಿಗೆ ಬಂದೀ, ಇಷ್ಟೂ ತಿಳಿಯೂದಿಲ್ಲೇನು?” ಎಂದು ಬೈದು ಕೇಬಲ್ ತೆಗೆಸಿದ್ದಾರೆ. ಸಜಾ ಎಲ್ಲ ನನಗೇ. ಟಿವಿಯವರನ್ನು ಕೇಳುವವರೇ ಇಲ್ಲ!

ವಿದೇಶದಲ್ಲಿ ವಿಜ್ಞಾನಿಗಳು ಬುಧವಾರ ಶುರು ಮಾಡಲಿದ್ದ ದೊಡ್ಡ ಯಂತ್ರದ ಬಗ್ಗೆ ವಾರವಿಡೀ ಹಿಂದಿ ಚಾನೆಲ್ಲಿನಲ್ಲಿ ಕೆಂಪು ಅಕ್ಷರ ಓಡುತ್ತಿತ್ತು: ‘ಕ್ಯಾ ಬುಧವಾರ್ ಕೋ ದುನಿಯಾ ಖತಮ್ ಹೋ ಜಾಯೇಗೀ?’ ನಾನು ಫೋನಿನಲ್ಲಿ, “ಅಜ್ಜಿ, ಬುಧವಾರ ಪ್ರಪಂಚ ಮುಗೀತದ” ಅಂದೆ. ಇನ್ನು ಯಾಕೆಂದು ನೀನು ಬಿಪಿ ಮಾತ್ರೆ ಬಿಟ್ಟೆ. ಗುರುವಾರ ನೀನು ತಲೆ ಸುತ್ತಿ ಬಿದ್ದೆ. ಅದೇ ದಿನ ಆ ಚಾನೆಲ್ಲಿನ ಆಂಕರ್, “ನಾವು ಬರೀ ಪ್ರಶ್ನೆ ಕೇಳಿದ್ದೆವು” ಎಂದು ಹಲ್ಲು ಕಿರಿದ.

ಹಿಂದಿಯಲ್ಲಿ ಪ್ರಶ್ನೆಯ ‘ಕ್ಯಾ’ ಮಾತಿನ ತಲೆಗೆ ಅಂಟಿರುತ್ತದೆ, ಕನ್ನಡದಲ್ಲಿ ‘ಏನು’ ಬಾಲಕ್ಕೆ. ‘ಮುಗೀತದೇನು’ ಅನ್ನಬೇಕಿತ್ತು, ‘ಏನು’ ಬಿಟ್ಟುಹೋಯಿತು ಎಂದು ಅಪ್ಪನಿಗೆ ಹೇಳಿದೆ. ನಂಬಿದರು.

ನಿನಗೆ ಸುಳ್ಳು ಹೇಳಲಾರೆ ಅಜ್ಜಿ. ಅದು ಬಿಟ್ಟುಹೋಗಿರಲಿಲ್ಲ. ನನಗೆ ಅದು ಪ್ರಶ್ನೆ ಅನಿಸಿರಲೇ ಇಲ್ಲ. ಕೊನೆಯ ಸಲ ನಿನ್ನ ದನಿ ಕೇಳೋಣವೆಂದೇ ಫೋನ್ ಮಾಡಿದ್ದೆ.

ಮಾತ್ರೆ ತಪ್ಪಿಸಬೇಡ.

ನಿನ್ನ ಮೊಮ್ಮಗಳು,
ಶರಣ್ಯಾ