ಬಾಲದಿಂದ ಹಂಚಿದ ಚೀಟಿ

ಸನ್ಮಾನ್ಯ ಸಭಾಧ್ಯಕ್ಷರೇ, ವೇದಿಕೆಯ ಮೇಲಿನ ಗಣ್ಯರೇ, ಎದುರಿಗೆ ಕೂತು ಆಕಳಿಸುತ್ತಿರುವ ಮಹಾಜನಗಳೇ, ಮತ್ತು ಇವರೆಲ್ಲರ ನಡುವೆ ನನ್ನನ್ನೇ ದುರುಗುಟ್ಟಿ ನೋಡುತ್ತಿರುವ ಪ್ರೀತಿಯ ಭಾವನವರೇ,

ನಿಮ್ಮ ನಾದಿನಿಯ ನಮಸ್ಕಾರಗಳು. ಮತಗಟ್ಟೆಯ ಅಧಿಕಾರಿಯಾಗಿದ್ದ ನಾನು ಹೊತ್ತಿಗೆ ಮುಂಚೆ ಗೇಟು ಹಾಕಿಸಿ ನಿಮ್ಮ ಕಡೆಯವರ ಓಟು ತಪ್ಪಿಸಿದೆನೆಂದು ದೂರು ಕೊಟ್ಟಿದ್ದೀರಿ. ನಾಳೆ ವಿಚಾರಣೆ. "ತಪ್ಪಾಯ್ತು ಅಂತ ಒಂದು ಸಾಲು ಬರ್ಕೊಡಮ್ಮ, ದೂರು ವಾಪಸ್ ತಗೊಳ್ತೀನಿ. ಇಲ್ಲಾಂದ್ರೆ ಕೆಲಸಕ್ಕೇ ಕುತ್ತು" ಎಂದು ನಿನ್ನೆ ಫೋನಿನಲ್ಲಿ ಹೇಳಿದಿರಿ. ಆ ಒಂದು ಸಾಲಿನ ಬದಲು ಇಷ್ಟು ಸಾಲು ಬರೆಯುತ್ತಿದ್ದೇನೆ.

ಭಾವ, ಮತದಾನ ಮುಗಿಯುವ ಹೊತ್ತಿಗೆ ನಾವೇನು ಮಾಡುತ್ತೇವೆಂದು ನಿಮಗೆ ಗೊತ್ತಿಲ್ಲ. ಆ ಹೊತ್ತಿಗೆ ನೀವು ಅಲ್ಲಿ ಇದ್ದರಲ್ಲವೇ ಗೊತ್ತಾಗುವುದು! ಸಾಲಿನಲ್ಲಿ ನಿಂತವರಿಗೆಲ್ಲ ನನ್ನ ಸಹಿಯ ಚೀಟಿ ಹಂಚುತ್ತೇವೆ; ಚೀಟಿ ಇದ್ದವರಿಗಷ್ಟೇ ಹೊತ್ತು ಮೀರಿದ ಮೇಲೂ ಓಟು. ಅದೂ ಮುಂದಿನಿಂದಲ್ಲ, ಬಾಲದಿಂದ. ಕಟ್ಟಕಡೆಯವರಿಗೆ ಮೊದಲ ಚೀಟಿ. ಹಾಗೆ ಹಂಚುತ್ತಾ ಮುಂದಕ್ಕೆ ಬಂದರೆ, ಆಮೇಲೆ ಓಡಿಬಂದವರು ಹಿಂದಿನಿಂದ ನುಸುಳಲಾರರು. ಅಂದು ಮೊದಲ ಚೀಟಿ ಸಿಕ್ಕಿದ್ದು ಕಾಲು ಊದಿಕೊಂಡ ಒಬ್ಬ ದರ್ಜಿಗೆ. ಅದನ್ನು ಮಡಚದೆ ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು.

ಹೊತ್ತು ಮುಗಿದು, ಗೇಟಿಗೆ ಚಿಲಕ ಬಿದ್ದ ಮೇಲೆ ಬಂತು ನಿಮ್ಮ ವ್ಯಾನು. ಇಳಿಯಿತು ಜನ, ಏರಿತು ನಿಮ್ಮ ಸ್ವನ. "ಏನಮ್ಮಾ, ನನ್ನ ಮನೇಲಿ ಉಂಡು ಬೆಳೆದೋಳು ನನಗೇ ಗೇಟು ಹಾಕ್ತೀಯಾ?" ಎಂದಿರಿ.

ಉಂಡಿದ್ದೇನೆ ಭಾವ. ನಿಮ್ಮ ಮನೆಯ ಮೆಟ್ಟಿಲ ಮೇಲೆ ಕೂತೇ ಡಿಗ್ರಿ ಓದಿದ್ದೇನೆ. ಆ ಋಣ ನನ್ನ ಮನೆಯ ಬಾಗಿಲಿಗೆ ಸೇರಿದ್ದು. ಅಪರಾತ್ರಿ ಬಂದು ತಟ್ಟಿ, ತೆರೆಯುತ್ತೇನೆ. ಮತಗಟ್ಟೆಯಲ್ಲಿ ಮಾತ್ರ ಗಂಟೆಯಾದ ಮೇಲೆ ಗಂಟಲು ಹರಿದುಕೊಂಡರೂ ಗೇಟು ತೆರೆಯದು.

ತಪ್ಪಾಯಿತೆಂದು ಬರೆದುಕೊಟ್ಟರೆ, ಅಷ್ಟು ಹೊತ್ತು ಕಾದ ಆ ದರ್ಜಿಯೇ ಪೆದ್ದನೆಂದು ಬರೆದುಕೊಟ್ಟ ಹಾಗೆ. ಬರೆಯುವುದಿಲ್ಲ. ಕೆಲಸ ಹೋದರೆ ಮನೆಯಲ್ಲಿ ಕೂತು ಪ್ರಾಸ ಹೊಸೆಯುತ್ತೇನೆ. ಕೇಳುವ ಶಿಕ್ಷೆ ನಿಮ್ಮದೇ.

ಸಾಕು ಭಾಷಣ. ಇಲ್ಲಿ ಸಭೆಯೂ ಇಲ್ಲ, ಅಧ್ಯಕ್ಷರೂ ಇಲ್ಲ. ನಿಮ್ಮ ವ್ಯಾನಿನಿಂದ ಕೊನೆಗೆ ಇಳಿದವಳು ನನ್ನ ಅಕ್ಕ. ಅವಳ ಮುಖ ಕಂಡೊಡನೆ ನನ್ನ ಕೈ ಚಿಲಕಕ್ಕೆ ಹೋಗಿತ್ತು. ಕಂಬಿಯ ಆಚೆಯಿಂದ ಅವಳೇ ಮೆಲ್ಲಗೆ ಅಂದಳು: "ತೆಗೀಬೇಡ ಕಣೇ." ನಾಳೆ ವಿಚಾರಣೆಗೆ ಬಂದು ಅದನ್ನೇ ಹೇಳುತ್ತಾಳಂತೆ. ನಿಮಗೆ ಮೊದಲೇ ತಿಳಿಸು ಎಂದವಳೂ ಅವಳೇ.

ನಿಮಗೆ ಒಳ್ಳೆಯದಾಗಲಿ. ಮುಂದಿನ ಸಲ ಸಾಲಿನ ಬಾಲವಾದರೂ ನಿಮಗೆ ಸಿಗಲಿ.

ನಿಮ್ಮ ಮನೆಯಲ್ಲೇ ಉಂಡು ಬೆಳೆದ
ನಾದಿನಿ