ಬೆಚ್ಚಗಿದ್ದ ಗಾಜು

ಪಾಸೊ ಡೆಲ್ ಸೌಸೆ, ತಾಕುವಾರೆಂಬೊ
ಸೋಮವಾರ, 17 ನವೆಂಬರ್ 1997

ಪ್ರೀತಿಯ ಎಲ್ಬಿಯಾ,

ಹೇಗಿದ್ದೀಯ? ಬಸ್ಸಿನಲ್ಲಿ ಹಿಡಿದುಕೊಂಡಿದ್ದ ಸೊಂಟ ಬಿಟ್ಟಿತೇ? ಮೊಂತೆವಿದೇವೊದ ಸಮುದ್ರದ ಗಾಳಿ ನಿನ್ನ ಕಿವಿಗೆ ಆಗಿಬರುವುದಿಲ್ಲ, ನಿನ್ನ ಮಿರ್ತಕ್ಕನ ಬಾಲ್ಕನಿಯಲ್ಲಿ ತಲೆಗೆ ಬಟ್ಟೆ ಕಟ್ಟದೆ ಕೂರಬೇಡ. ಅವಳು ಗದರಿದರೂ ಊಟ ಬಿಡಬೇಡ. ಇಲ್ಲಿ ನಿನ್ನ ಕೋಳಿಗಳು ಚೆನ್ನಾಗಿವೆ. ಆ ಕೆಂಪಿ ಮತ್ತೆ ನನ್ನ ಬೂಟಿನೊಳಗೆ ಮೊಟ್ಟೆ ಇಟ್ಟಿದ್ದಾಳೆ, ನಾನು ನೋಡದೆ ಕಾಲು ಹಾಕಿದೆ. ನೀನಿದ್ದಿದ್ದರೆ ಒಂದು ವಾರ ನಗುತ್ತಿದ್ದೆ.

ನನಗೆ ಕೆಲಸದ ಸುಗ್ಗಿ. ದಿನಕ್ಕೆ ಎಪ್ಪತ್ತು ಎಂಬತ್ತು ಹಸುಗಳಿಗೆ ಕೃತಕವಾಗಿ ಹೋರಿಯ ವೀರ್ಯ ಏರಿಸುತ್ತಿದ್ದೇನೆ, ಸಂಜೆಗೆ ತೋಳು ಎತ್ತಲಾಗುವುದಿಲ್ಲ. ನಿನ್ನೆ ಫೋನು ಮಾಡೋಣವೆಂದು ಅಂಗಡಿಗೆ ಹೋಗಿದ್ದೆ. ಹಿಂದೆ ನಾಲ್ಕು ಜನ ಮಾಟೆ ಚಹಾ ಕುಡಿಯುತ್ತ ಕಿವಿ ನೆಟ್ಟು ನಿಂತಿದ್ದರು. ಸಕ್ಕರೆ ಕೊಂಡು ವಾಪಸ್ಸು ಬಂದೆ. ಮನೆಯಲ್ಲಿ ಸಕ್ಕರೆ ಬೇಕಾದಷ್ಟಿತ್ತು. ಅದಕ್ಕೇ ಈ ಪತ್ರ, ನಾಳೆ ಬೆಳಗಿನ ಬಸ್ಸಿನ ಚಾಲಕನ ಕೈಗೆ ಕೊಡುತ್ತೇನೆ.

ಗುರುವಾರದ ಆಪರೇಷನ್ ಮಾಡಿಸಿಕೊಳ್ಳಬೇಡ, ಎಲ್ಬಿಯಾ. ಹೊಕ್ಕುಳ ಬಳಿ ತೂತು ಕೊರೆದು ನಿನ್ನೊಳಗೆ ಹುಡುಕುವಂಥದ್ದು ಏನೂ ಇಲ್ಲ. ಕೊರತೆ ಇರುವುದು ನನ್ನಲ್ಲಿ.

ಬಸ್ಸು ಹೊರಟಾಗ ನೀನು ಕಿಟಕಿಯಿಂದ ಬಗ್ಗಿ, "ಏನೇ ಕೆಟ್ಟಿದ್ರೂ ಈ ಸಲ ಸರಿ ಮಾಡ್ತಾರೆ, ನೀನು ಕೊರಗಬೇಡ ಕಣೋ" ಅಂದೆಯಲ್ಲ, ಆ ಮಾತು ನನ್ನನ್ನು ಕೂರಲು ಬಿಡಲಿಲ್ಲ. ಶುಕ್ರವಾರ ಪಟ್ಟಣದ ಆಸ್ಪತ್ರೆಗೆ ಹೋಗಿ ವೀರ್ಯ ಪರೀಕ್ಷೆಗೆ ಕೊಟ್ಟೆ. ಹೊಸ ಡಾಕ್ಟರಮ್ಮ, ನನ್ನ ಕಸುಬು ಅವರಿಗೆ ಗೊತ್ತಿಲ್ಲ. ಎರಡು ಸಲ ನೋಡಿ, "ವೀರ್ಯಾಣು ಒಂದೂ ಇಲ್ಲ, ಸ್ವಾಮಿ" ಅಂದರು. ಚಿಕ್ಕಂದಿನಲ್ಲಿ ಮಂಗನಬಾವು ಬಂದಿತ್ತೇ ಎಂದು ಕೇಳಿದರು. ಹದಿನಾರನೇ ವಯಸ್ಸಿನಲ್ಲಿ ಬಂದು, ಕೆಳಗೂ ಊದಿಕೊಂಡು ಹತ್ತು ದಿನ ಮಲಗಿದ್ದೆ. ಅದೇ ಕಾರಣವಿರಬೇಕಂತೆ.

ಇದನ್ನು ಮೊದಲೇ ಮಾಡಿಸಬೇಕಿತ್ತು. ಮೂರು ವರ್ಷದ ಹಿಂದೆ ಡಾಕ್ಟರ್ ಪೆರೇರಾ ನಿನಗಿಂತ ಮುಂಚೆ ನನ್ನ ಪರೀಕ್ಷೆ ಬರೆದುಕೊಟ್ಟಿದ್ದರು. ನಾನು ಹೋರಿಗಳನ್ನು ಪರೀಕ್ಷಿಸುವ ಮೈಕ್ರೋಸ್ಕೋಪಿನಲ್ಲಿ ಮನೆಯಲ್ಲೇ ನೋಡಿಕೊಂಡೆ. ಏನೂ ಓಡಾಡಲಿಲ್ಲ. ಗಾಜಿನ ಪಟ್ಟಿ ತಣ್ಣಗಿದ್ದರೆ ಹೋರಿಯದೂ ಅಲ್ಲಾಡದೆ ನಿಂತುಬಿಡುತ್ತದೆ, ಬಿಸಿ ಮಾಡಲು ಮರೆತಿರಬೇಕು ಅಂದುಕೊಂಡೆ. ಡಾಕ್ಟರ ಹತ್ತಿರ ಹೋಗಿ "ನಾನೇ ನೋಡ್ಕೊಂಡೆ, ಚೆನ್ನಾಗಿದೆ" ಅಂದೆ. ಅವರು ನಕ್ಕು, "ನಿನ್ನ ಕಣ್ಣಿಗಿಂತ ಒಳ್ಳೇ ಲ್ಯಾಬು ಈ ಊರಲ್ಲೆಲ್ಲಿದೆ ಮಾರಾಯ!" ಎಂದು ಹೇಳಿ ಕಡತದಲ್ಲಿ ಸರಿಯಿದೆ ಎಂದು ಬರೆದುಬಿಟ್ಟರು. ಆ ಒಂದು ಸಾಲಿನ ಮೇಲೆ ನಿನಗೆ ಅಷ್ಟು ಇಂಜೆಕ್ಷನ್ನು, ಅಷ್ಟು ರಕ್ತ ಪರೀಕ್ಷೆ, ಗರ್ಭನಾಳಕ್ಕೆ ಬಣ್ಣ ಬಿಟ್ಟು ತೆಗೆದ ಆ ಎಕ್ಸ್‌ರೇ.

ಅಮ್ಮನ ಮಾತಂತೂ ಬರೆಯಲು ಕೈ ಬರುವುದಿಲ್ಲ. ಪ್ರತಿ ಭಾನುವಾರ ಸುಟ್ಟ ಮಾಂಸ ಬಡಿಸುತ್ತ, "ನನ್ನ ಮಗ ಜಿಲ್ಲೆಯ ಹಸುಗಳಿಗೆಲ್ಲ ಕರು ಕೊಡ್ತಾನೆ, ಮನೇಲಿರೋ ಒಬ್ಬಳಿಗೆ ನಿಲ್ಲಲ್ಲ ಅಂದ್ರೆ ಯಾರ ತಪ್ಪು ಅಂತ ಹೇಳ್ಬೇಕಾ?" ಅನ್ನುತ್ತಿದ್ದಳು. ನೀನು ತಟ್ಟೆ ನೋಡುತ್ತ ಕೂತಿರುತ್ತಿದ್ದೆ. ನಾನು ಮೂಳೆ ಚೀಪುತ್ತಿದ್ದೆ. ಈಗ ನೆನೆದರೆ ನನ್ನ ಮೇಲೆ ನನಗೇ ಹೇಸಿಗೆ. ನಿನ್ನೆ ಅವಳಿಗೆ ಹೇಳಿದೆ. ಎದ್ದು ಹೋಗಿ, ನೀನು ಒಣಗಲು ಹಾಕಿ ಹೋಗಿದ್ದ ಬಟ್ಟೆ ಮಡಚಿಟ್ಟಳು.

ನೀನು ಆಪರೇಷನ್ನಿಗೆ ಹೋಗಿರುವ ಆಸ್ಪತ್ರೆಯಲ್ಲಿ ಹೆಸರಿಲ್ಲದ ದಾನಿಗಳ ವೀರ್ಯ ಸಿಗುತ್ತದಂತೆ. ಪಕ್ಕದೂರಿನಲ್ಲಿ ಒಬ್ಬರು ಹಾಗೆ ಮಗು ಪಡೆದಾಗ ನಾನೇ ಅಂಗಡಿಯಲ್ಲಿ ನಿಂತು ನಗೆಯಾಡಿದ್ದೆ, ನಿನಗೆ ನೆನಪಿದೆ. ಎಲ್ಲಿಂದಲೋ ಬಂದ ಹೋರಿಯ ಕರುವನ್ನು ಯಜಮಾನರು ತಮ್ಮದೆಂದು ಮುದ್ದಾಡುವುದನ್ನು ದಿನವೂ ನೋಡುವವನು ನಾನು. ನಿನಗೆ ಇಷ್ಟವಿದ್ದರೆ ಬಂದು ಸಹಿ ಹಾಕುತ್ತೇನೆ. ಬೇಡವಾದರೆ ಬೇಡ. ನಾನೇ ಬೇಡವಾದರೂ ನಿನ್ನ ಮಾತು ಕೇಳುತ್ತೇನೆ.

ಮಿರ್ತಕ್ಕನಿಗೆ ನನ್ನ ನಮಸ್ಕಾರ, ಅವಳು ಒಪ್ಪಿಕೊಂಡರೆ. ನಿನ್ನ ಮೈಗೆ ಇನ್ನೊಂದು ಸೂಜಿ ತಾಗದಿರಲಿ.

ನಿನ್ನ
ಅಲ್ಸಿದೆಸ್

ಇದನ್ನು ಮೇಲೆ ಬರೆಯದೆ ಬಿಟ್ಟದ್ದು ಮರೆತಲ್ಲ, ಧೈರ್ಯ ಬರಲಿಲ್ಲ: ಬೆಳಗಾಯಿತು, ಬಸ್ಸು ಗೇಟಿನ ಹತ್ತಿರ ಹಾರ್ನ್ ಹೊಡೆಯುತ್ತಿದೆ. ಗಾಜು ತಣ್ಣಗಿರಲಿಲ್ಲ, ಎಲ್ಬಿಯಾ. ನಾನೇ ಬಿಸಿ ಮಾಡಿದ್ದೆ. ತಣ್ಣಗಿದ್ದರೆ ವೀರ್ಯಾಣುಗಳು ನಿಲ್ಲುತ್ತವೆ, ಇಲ್ಲವಾಗುವುದಿಲ್ಲ. ನನ್ನದರಲ್ಲಿ ಇರಲೇ ಇಲ್ಲ. ಒರೆಸಿ, ಅದೇ ಗಾಜಿನ ಮೇಲೆ ಹೋರಿಯದು ಹಾಕಿ ನೋಡಿದೆ, ಗಿಜಿಗುಟ್ಟುತ್ತಿತ್ತು. ಆ ಬಣ್ಣದ ಎಕ್ಸ್‌ರೇ ದಿನ ನೀನು ನನ್ನ ಕೈ ಹಿಡಿದು ಕಿರುಚಿದೆಯಲ್ಲ, ಆಗ ನನಗೆ ಗೊತ್ತಿತ್ತು.