ಹಿಂದಿನ ಚಕ್ರದ ಹೊಳಪು

ಡಿಸೆಂಬರ್ 7, ಭಾನುವಾರ. ಬೆಳಿಗ್ಗೆ

ಹಳೇ ಎಣ್ಣೆ ಇಳಿಸಿದ್ದಾಯಿತು. ಕಾಡಿಗೆಯಂತೆ ಕಪ್ಪು. ಪ್ಲಗ್ ಬಿಚ್ಚಿ ಒರೆಸಿದೆ. ಬ್ಯಾಟರಿಯ ತುದಿಗೆ ಹಿಡಿದಿದ್ದ ಬಿಳಿ ಪುಡಿ ಉಜ್ಜಿ ತೆಗೆದೆ. ಚಳಿಗಾಲ ಬಂತೆಂದರೆ ಈ ಬೈಕು ನಮ್ಮ ಮಾವನ ಹಾಗೆ. ಎಬ್ಬಿಸಿದರೆ ಕೆಮ್ಮುತ್ತದೆ, ಏಳುವುದಿಲ್ಲ.

ಇಪ್ಪತ್ತು ವರ್ಷ ನನ್ನದಾಗಿತ್ತು, ಈಗ ಮಗಳದು. ಅವಳು ಆಸ್ಪತ್ರೆಯ ನರ್ಸ್. ಹಾಸಿಗೆ ಬಿಟ್ಟು ಏಳಲಾಗದವರ ಮನೆಗೇ ಹೋಗಿ ಗಾಯ ಕಟ್ಟುತ್ತಾಳೆ, ಇಂಜೆಕ್ಷನ್ ಕೊಡುತ್ತಾಳೆ. ದಿನಕ್ಕೆ ಹತ್ತು ಹನ್ನೆರಡು ಮನೆ. ಗುಡ್ಡದ ಮೇಲಿನ ಬೀದಿಗಳಿಗೆ ಬೇರೆ ಯಾರೂ ಒಪ್ಪಲಿಲ್ಲ. ಇವಳು ಕೇಳಿ ಹಾಕಿಸಿಕೊಂಡಳು.

ಚೈನು ಬಿಗಿ ಮಾಡುತ್ತಿದ್ದಾಗ ಹೆಂಡತಿ ಹಿತ್ತಲ ಬಾಗಿಲಿಗೆ ಬಂದಳು.

"ಮೆಕ್ಯಾನಿಕ್ ಹತ್ರ ಕೊಡಬಾರ್ದಾ? ನೀವು ಬಡಗಿ. ಕುರ್ಚಿ ಕಾಲು ನೋಡ್ಕೊಳ್ಳಿ, ಸಾಕು."

"ಅವನು ಹುಟ್ಟೋಕೆ ಮುಂಚೆ ಈ ಬೈಕ್ ಬಿಚ್ಚಿದೀನಿ ಕಣೇ."

"ಬಿಚ್ಚೋದು ಎಲ್ಲರಿಗೂ ಬರುತ್ತೆ ರೀ. ಜೋಡಿಸಿದ ಮೇಲೆ ಎಷ್ಟು ನಟ್ಟು ಉಳಿಯುತ್ತೆ, ಅದು ಹೇಳಿ."

ಉಳಿಯಲಿಲ್ಲ. ಎರಡು ಸಲ ನೋಡಿದೆ.

ಅದೇ ದಿನ, ಸಂಜೆ

ಒಂದೇ ಒದೆತಕ್ಕೆ ಸ್ಟಾರ್ಟ್! ಅಲ್ಲಿಗೆ ಮುಗಿಸಬಹುದಿತ್ತು. ಆದರೆ ಕೈ ಕೇಳಬೇಕಲ್ಲ... ಕಡೆಯ ಹೊಳಪು ಕೊಡದೆ ಒಂದು ಸ್ಟೂಲನ್ನೂ ಅಂಗಡಿಯಿಂದ ಆಚೆ ಬಿಟ್ಟವನಲ್ಲ ನಾನು. ಮೇಜುಗಳಿಗೆ ಹಚ್ಚುವ ಎಣ್ಣೆ, ಮೇಣ ಬೆರೆತ ಪಾಲಿಶ್ ಡಬ್ಬಿ ತಂದೆ. ಟ್ಯಾಂಕು, ಸೀಟು, ಮಡ್‌ಗಾರ್ಡು. ಹಿಂದಿನ ಟೈರು ಬೂದಿ ಬಣ್ಣಕ್ಕೆ ತಿರುಗಿತ್ತು. ಅದಕ್ಕೂ ಹಚ್ಚಿದೆ. ಪಕ್ಕಕ್ಕೆ, ನೆಲಕ್ಕೆ ತಾಗುವ ಮೈಗೆ, ಸುತ್ತಲೂ. ಚಕ್ರ ತಿರುಗಿಸುತ್ತ ಬಟ್ಟೆ ಹಿಡಿದು ಉಜ್ಜಿದೆ. ಮುಂದಿನದಕ್ಕೆ ಬರುವಷ್ಟರಲ್ಲಿ ಡಬ್ಬಿ ಖಾಲಿ.

ಮಗಳು ನೋಡಿ ನಕ್ಕಳು. "ಅಪ್ಪಾ, ಇದನ್ನ ಓಡಿಸ್ಲಾ, ಇಲ್ಲ ಷೋಕೇಸಲ್ಲಿ ಇಡ್ಲಾ?"

ಎದೆ ಒಂದು ಗೇಣು ಉಬ್ಬಿತು.

ಡಿಸೆಂಬರ್ 8, ಸೋಮವಾರ

ಮಗಳು ಬಿದ್ದಳು. ಮನೆಯಿಂದ ಇನ್ನೂರು ಗಜ, ಇಳಿಜಾರಿನ ತಿರುವಿನಲ್ಲಿ. ರಸ್ತೆ ಇಬ್ಬನಿಗೆ ಒದ್ದೆಯಾಗಿತ್ತು. ಬಲಗೈ ಮಣಿಕಟ್ಟು ಮುರಿದಿದೆ. ಪ್ಲಾಸ್ಟರ್ ಹಾಕಿದ್ದಾರೆ. ತಲೆಗೆ ಏನೂ ಆಗಿಲ್ಲ. ಏನೂ ಆಗಿಲ್ಲ. ಮತ್ತೆ ಮತ್ತೆ ಅದನ್ನೇ ಬರೆಯುತ್ತಿದ್ದೇನೆ.

"ನಿಧಾನಕ್ಕೇ ಹೋಗ್ತಿದ್ದೆ ಅಪ್ಪ. ಹಿಂದಿನ ಚಕ್ರ ಯಾರೋ ಎಳೆದ ಹಾಗೆ ಜಾರಿಬಿಡ್ತು."

ಬೈಕು ತಳ್ಳಿಕೊಂಡು ಬಂದೆ. ಬ್ರೇಕ್ ಲಿವರ್ ಮುರಿದಿತ್ತು. ಹಿತ್ತಲಲ್ಲಿ ನಿಲ್ಲಿಸಿ ಹಿಂದಿನ ಟೈರಿಗೆ ಉಗುರು ಎಳೆದೆ. ಉಗುರಿನ ಸಂದಿಯಲ್ಲಿ ಮೇಣ.

ಆಮೇಲೆ ಏನು ಮಾಡಿದೆ? ಸೋಪಿನ ನೀರು ತಂದೆ. ಬ್ರಷ್ಷು ತಂದೆ. ಟೈರು ತೊಳೆದೆ. ಮಗಳು ಒಳಗೆ ನೋವಿಗೆ ನರಳುತ್ತಿದ್ದಳು, ನಾನು ಹೊರಗೆ ಟೈರು ತೊಳೆಯುತ್ತಿದ್ದೆ.

ಡಿಸೆಂಬರ್ 11, ಗುರುವಾರ

ಹೆಂಡತಿ ಮಗಳಿಗೆ ಊಟ ಕಲಸಿ ತಿನ್ನಿಸುತ್ತಾಳೆ, ತುತ್ತಿಗೊಂದು ಬೈಗುಳ.

"ನಿಧಾನ ಹೋಗು, ನಿಧಾನ ಹೋಗು ಅಂತ ಬಡ್ಕೊಂಡೆ. ಕೇಳಿದ್ಯಾ?"

"ಹೂಂ ಅಮ್ಮ. ಜೋರಾಗೇ ಹೋಗಿದ್ದೆನೋ ಏನೋ."

ಸೋಮವಾರ 'ನಿಧಾನಕ್ಕೇ' ಅಂದಿದ್ದಳು. ಇವತ್ತು 'ಜೋರಾಗೇನೋ'. ನಾಲ್ಕು ದಿನಕ್ಕೆ ಅವಳ ನೆನಪೇ ನನ್ನ ಪರ ಸಾಕ್ಷಿ ಹೇಳತೊಡಗಿದೆ. ನಾನು ತಟ್ಟೆ ನೋಡುತ್ತ ಉಂಡೆ. ಉಪ್ಪು ಕಡಿಮೆ ಎಂದೂ ಹೇಳಿದೆ! ಆ ಹೊತ್ತಿನಲ್ಲೂ ನಾಲಗೆಗೆ ಉಪ್ಪು ಬೇಕಾಗಿತ್ತು.

ಡಿಸೆಂಬರ್ 14, ಭಾನುವಾರ

ಲಿವರ್ ಹಾಕಲು ಮೆಕ್ಯಾನಿಕ್ ಮನೆಗೇ ಬಂದ. ಕೆಲಸ ಮುಗಿಸಿ ಸುಮ್ಮನೆ ಹೋಗಬಾರದೇ? ಹಿಂದಿನ ಟೈರಿನ ಸಂದುಗಳಲ್ಲಿ ಸ್ಕ್ರೂಡ್ರೈವರ್ ಆಡಿಸಿದ. ಬ್ರಷ್ಷು ಹೋಗದ ಕಡೆ ಮೇಣ ಉಳಿದಿತ್ತು. ಮೂಸಿದ.

"ಮೇಸ್ತ್ರಿ, ಟೈರಿಗೆ ಏನ್ ಹಚ್ಚಿದ್ರಿ?"

"ಹೊಳಪಿಗೆ..."

"ರೋಡ್ ಹಿಡಿಯೋ ಕಡೆಗೂ?"

ತಲೆ ಆಡಿಸಿದೆ. ಅವನು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಕೈ ಒರೆಸಿಕೊಂಡು ಕೇಳಿದ: "ಮಗಳಿಗೆ ಹೇಳಿದೀರಾ?"

"ಹೇಳ್ತೀನಿ."

"ನಾನಂತೂ ಬಾಯಿ ಬಿಡಲ್ಲ. ಆದ್ರೆ ಆಯಮ್ಮ ಮೊನ್ನೆ ನಮ್ಮ ತಾಯಿಗೆ ಫೋನ್ ಮಾಡಿ, ಬೇರೆ ನರ್ಸ್ ಬರ್ತಾರೆ, ನನಗಿನ್ನು ಗಾಡಿ ಆಗಲ್ಲ ಅಂದ್ರಂತೆ. ನಮ್ಮಮ್ಮ ಅಳ್ತಾ ಕೂತಿದ್ರು."

ಅವನ ತಾಯಿಯೂ ಗುಡ್ಡದ ಮೇಲಿನವರೇ. ಕಾಲಿನ ಗಾಯಕ್ಕೆ ಎರಡು ದಿನಕ್ಕೊಮ್ಮೆ ಪಟ್ಟಿ ಬದಲಾಯಿಸಬೇಕು. ನನಗೆ ಗೊತ್ತೇ ಇರಲಿಲ್ಲ.

ಇವತ್ತು ಹೇಳಬೇಕೆಂದು ಮೂರು ಸಲ ಅವಳ ಕೋಣೆಗೆ ಹೋದೆ. ಒಂದು ಸಲ ಕಿಟಕಿ ಮುಚ್ಚಿದೆ. ಒಂದು ಸಲ ತೆರೆದೆ. ಮೂರನೇ ಸಲ ಅವಳೇ ಕೇಳಿದಳು, "ಅಪ್ಪಾ, ಚಳಿನೋ ಸೆಖೆನೋ ಮೊದ್ಲು ತೀರ್ಮಾನ ಮಾಡು."

ಡಿಸೆಂಬರ್ 18, ಗುರುವಾರ

ಹೆಡ್ ನರ್ಸ್ ಬಂದಿದ್ದರು. ಹೊಸ ವರ್ಷದ ಡ್ಯೂಟಿ ಪಟ್ಟಿ ಶನಿವಾರ ತಯಾರಾಗುತ್ತದೆ. ಕೈ ಕೂಡಿದ ಮೇಲೆ ಮನೆ ಮನೆ ಕೆಲಸಕ್ಕೆ ಮರಳುತ್ತಾಳೋ, ವಾರ್ಡಿನೊಳಗೇ ಇರುತ್ತಾಳೋ, ಬರೆದುಕೊಡಬೇಕಂತೆ. ಒಮ್ಮೆ ಬಿಟ್ಟರೆ ಆ ಜಾಗ ಬೇರೆಯವರಿಗೆ.

"ವಾರ್ಡೇ ಸರಿ ಮೇಡಂ. ನನ್ನ ಕೈಗೆ ಗಾಡಿ ಹತ್ತಲ್ಲ. ಇನ್ನೊಬ್ಬರ ಮೇಲೆ ಹತ್ತಿಸೋಕೆ ಮುಂಚೆ ಬಿಟ್ಟುಬಿಡ್ತೀನಿ."

ಹೆಡ್ ನರ್ಸ್ ನನ್ನ ಕಡೆ ತಿರುಗಿದರು. "ಗಾಡಿ ಕಂಡೀಷನ್ ಚೆನ್ನಾಗಿತ್ತಲ್ವಾ?"

"ಹಿಂದಿನ ದಿನವೇ ನಾನೇ ಸರ್ವೀಸ್ ಮಾಡಿದ್ದೆ" ಅಂದೆ.

ಸುಳ್ಳಲ್ಲ. ಅದಕ್ಕಿಂತ ಹೊಲಸು.

ಡಿಸೆಂಬರ್ 19, ಶುಕ್ರವಾರ. ಮಧ್ಯಾಹ್ನ

ಪತ್ರ ಬರೆಯಲು ಮಗಳು ನನ್ನನ್ನು ಕರೆದಳು. ಬಲಗೈ ಪ್ಲಾಸ್ಟರಿನಲ್ಲಿದೆಯಲ್ಲ. ಅವಳು ಹೇಳುತ್ತ ಹೋದಳು, ನಾನು ಬರೆಯುತ್ತ ಹೋದೆ. 'ಮಾನ್ಯರೇ' ಆಯಿತು. 'ಈ ಮೂಲಕ ತಿಳಿಸುವುದೇನೆಂದರೆ' ಆಯಿತು.

"ಬರಿ ಅಪ್ಪ. ದಿನಾಂಕ ಎಂಟರಂದು ನನ್ನ ಅಜಾಗರೂಕತೆಯಿಂದ ವಾಹನ ಜಾರಿ..."

'ನನ್ನ' ಎಂದು ಬರೆದೆ. ಮುಂದಿನ ಅಕ್ಷರಕ್ಕೆ ಪೆನ್ನು ಏಳಲಿಲ್ಲ.

"ಸ್ಪೆಲ್ಲಿಂಗ್ ಹೇಳ್ಲಾ?"

ಬೇಡ ಎಂದೆ. ಬರೆದೆ. ಏನು ಬರೆದೆ ಎಂದು ಓದಲು ಹೇಳಿದಳು. ಓದಿದೆ: "ನನ್ನ ಅಪ್ಪ ಹಿಂದಿನ ದಿನ ಹಿಂದಿನ ಟೈರಿಗೆ, ರಸ್ತೆ ಹಿಡಿಯುವ ಮೈಗೂ, ಮೇಜಿನ ಪಾಲಿಶ್ ಹಚ್ಚಿದ್ದರಿಂದ ವಾಹನ ಜಾರಿ..."

ಮಗಳು ನಕ್ಕಳು. ತಮಾಷೆ ಅಂದುಕೊಂಡಳು. ನಾನು ತಲೆ ಎತ್ತಲಿಲ್ಲ. ನಗು ಅರ್ಧಕ್ಕೆ ನಿಂತಿತು.

ಬೈಯುತ್ತಾಳೆ ಎಂದು ಕಾದೆ. ಅಳುತ್ತಾಳೆ ಎಂದು ಕಾದೆ.

"ನಿಂಗೆ ಯಾವತ್ತು ಗೊತ್ತಾಯ್ತು?"

"ಬಿದ್ದ ದಿನಾನೇ."

ಎಡಗೈ ಬೆರಳು ಮಡಿಸುತ್ತ ಎಣಿಸಿದಳು. ಒಂದು ಸುತ್ತು ಮುಗಿಯಿತು. ಎರಡನೆಯದೂ ಮುಗಿಯಿತು. ಇನ್ನೊಂದು ಬೆರಳು.

"ಹನ್ನೊಂದು ದಿನ ಅಪ್ಪ. ರಾತ್ರಿ ಕಣ್ಣು ಮುಚ್ಚಿ ಆ ತಿರುವು ಎಷ್ಟು ಸಲ ತಿರುಗಿದೀನಿ ಗೊತ್ತಾ? ಎಲ್ಲಿ ತಪ್ಪಿದೆ, ಎಲ್ಲಿ ತಪ್ಪಿದೆ ಅಂತ... ಪಾಲಿಶ್ ಹೋಗಲಿ. ಅದು ಕೈತಪ್ಪು. ಇದು?"

ನಾನು ಪೆನ್ನಿನ ಮುಚ್ಚಳ ಹಾಕಿದೆ.

"ಹೊಸ ಹಾಳೆ ತಗೋ" ಅಂದಳು. ತೆಗೆದುಕೊಂಡೆ. ಕೈ ಕೂಡಿದ ತಕ್ಷಣ ಗುಡ್ಡದ ಮೇಲಿನ ಬೀದಿಗಳಿಗೇ ಹಾಕಬೇಕು, ಆ ಜಾಗ ಬಿಡುವುದಿಲ್ಲ ಎಂದು ಬರೆಸಿದಳು. ಕಾರಣದ ಸಾಲಿಗೆ ಬಂದಾಗ ನಾನು ಓದಿದ್ದನ್ನೇ ಬರೆಸಿದಳು, ಒಂದು ಅಕ್ಷರ ಬದಲಿಸದೆ. ಕೆಳಗೆ ಇನ್ನೊಂದು: 'ಇದು ನನ್ನ ಅಪ್ಪನಿಗೆ ಅಂದೇ ತಿಳಿದಿತ್ತು. ನನಗೆ ಇಂದು ತಿಳಿಯಿತು.'

ಎಡಗೈಯಲ್ಲಿ ಸಹಿ ಹಾಕಿದಳು. ಆಮೇಲೆ ಅಡುಗೆಮನೆಯ ಕಡೆ ಕೂಗಿದಳು, "ಅಮ್ಮಾ, ಬಾ ಇಲ್ಲಿ. ಅಪ್ಪ ಒಂದು ಪತ್ರ ಓದ್ತಾನೆ."

ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. "ಏನ್ರೀ, ಏನು ಬರೆದಿದೀರಿ?" ಮುಖದಲ್ಲಿ ನಗು. ಈ ವಾರವೆಲ್ಲ ಪಾಪ, ಮಗಳನ್ನೇ ಬೈದವಳು.

ಎದ್ದು ನಿಂತು ಓದಿದೆ. ಮಾನ್ಯರೇ ಎಂದೆ. ಈ ಮೂಲಕ ತಿಳಿಸುವುದೇನೆಂದರೆ ಎಂದೆ. ದಿನಾಂಕ ಎಂಟರಂದು ಎಂದೆ. ಆಮೇಲೆ ನನ್ನ ಅಪ್ಪ ಎಂದೆ, ನಿಲ್ಲಿಸದೆ ಕಡೆಯ ಸಾಲಿನವರೆಗೂ ಓದಿದೆ.